‘ಪಿಕ್ ಅಪ್’ ಬಳಸುವಾಗ ‘ಅಪ್’ ಎಲ್ಲಿಡಬೇಕು?

‘ಫೋನ್ ಪಿಕ್ ಮಾಡ್ತಿಲ್ಲ’, ‘ಐದು ಗಂಟೆಗೆ ಬಂದು ಪಿಕ್ ಮಾಡ್ತೀನಿ’ ಎನ್ನುವುದು ನಮ್ಮ ದಿನನಿತ್ಯದ ಮಾತು. ಕನ್ನಡದೊಳಗೆ ಇದರ ಬಗ್ಗೆ ತಕರಾರಿಲ್ಲ. ‘ಮಾಡು’ ಅಂಟಿಸಿದರೆ ಎಂಥ ಇಂಗ್ಲಿಷ್ ಪದವೂ ನಮ್ಮ ಕ್ರಿಯಾಪದವಾಗಿಬಿಡುತ್ತದೆ. ತೊಂದರೆ ಶುರುವಾಗುವುದು ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟಾಗ. ‘ಮಾಡು’ ಬಿಟ್ಟುಹೋಗುತ್ತದೆ, ಆದರೆ ಮೊದಲೇ ಉದುರಿಹೋಗಿದ್ದ ‘ಅಪ್’ ಮರಳಿ ಬರುವುದಿಲ್ಲ. ‘ಐ ವಿಲ್ ಪಿಕ್ ಯೂ ಅಟ್ ಫೈವ್’ ಎಂದರೆ ‘ಐದಕ್ಕೆ ನಿನ್ನನ್ನು ಆಯ್ಕೆ ಮಾಡುತ್ತೇನೆ’ ಎಂದ ಹಾಗೆ. ಬೆಂಗಳೂರಿನಲ್ಲಿ ಎಲ್ಲರೂ ಸರಿಮಾಡಿಕೊಂಡು ಅರ್ಥಮಾಡಿಕೊಳ್ಳುತ್ತಾರೆ, ಹೊರದೇಶದವರಿಗೆ ಮೇಲ್ ಬರೆಯುವಾಗ ಎಡವಟ್ಟಾಗುತ್ತದೆ.

ಬರೀ ‘ಪಿಕ್’ ಎಂದರೆ ಆರಿಸುವುದು ಅಥವಾ ಕೀಳುವುದು. ‘ಪಿಕ್ ಅಪ್’ ಎಂದರೆ ಕೆಳಗಿರುವುದನ್ನು ಎತ್ತಿಕೊಳ್ಳುವುದು ಅಥವಾ ಒಂದು ಕಡೆಯಿಂದ ಕರೆದುಕೊಂಡು ಬರುವುದು, ತರುವುದು. ಗಿಡದಿಂದ ಮಲ್ಲಿಗೆ ಬಿಡಿಸಿದರೆ ‘ಶೀ ಪಿಕ್ಡ್ ಸಮ್ ಜಾಸ್ಮಿನ್’. ನೆಲಕ್ಕೆ ಉದುರಿದ ಪಾರಿಜಾತ ಹೆಕ್ಕಿದರೆ ‘ಶೀ ಪಿಕ್ಡ್ ಅಪ್ ದ ಫ್ಲವರ್ಸ್’. ಅಂಗಡಿಯಲ್ಲಿ ಹತ್ತು ಸೀರೆ ನೋಡಿ ಒಂದನ್ನು ಆರಿಸಿದರೆ ಅದು ‘ಪಿಕ್’. ಫಾಲ್ ಹಾಕಲು ಕೊಟ್ಟಿದ್ದ ಸೀರೆಯನ್ನು ಟೈಲರ್ ಹತ್ತಿರ ಹೋಗಿ ಇಸಿದುಕೊಂಡು ಬಂದರೆ ‘ಪಿಕ್ ಅಪ್’.

ಇನ್ನು ‘ಅಪ್’ನ ಜಾಗ. ನಿಜವಾದ ಕಗ್ಗಂಟು ಇರುವುದೇ ಇಲ್ಲಿ. ಎತ್ತುವ ವಸ್ತುವಿನ ಹೆಸರನ್ನು ಹೇಳಿದರೆ ‘ಅಪ್’ ಅದರ ಮುಂದೂ ಬರಬಹುದು, ಹಿಂದೂ ಬರಬಹುದು. ‘ಪಿಕ್ ಅಪ್ ದ ಪಾರ್ಸೆಲ್’, ‘ಪಿಕ್ ದ ಪಾರ್ಸೆಲ್ ಅಪ್’ ಎರಡೂ ಸರಿ. ಹೆಸರಿನ ಬದಲು ‘ಇಟ್’, ‘ದೆಮ್’, ‘ಹಿಮ್’, ‘ಹರ್’, ‘ಮೀ’, ‘ಯೂ’ ಥರದ ಸರ್ವನಾಮ ಬಂದರೆ ಆ ಸ್ವಾತಂತ್ರ್ಯವಿಲ್ಲ, ಅದು ನಡುವೆಯೇ ಕೂರಬೇಕು: ‘ಪಿಕ್ ಇಟ್ ಅಪ್’, ‘ಪಿಕ್ ಮೀ ಅಪ್’. ‘ಪಿಕ್ ಅಪ್ ಇಟ್’, ‘ಪಿಕ್ ಅಪ್ ಮೀ’ ಎರಡೂ ತಪ್ಪು.

‘ಹರ್’ ಬಂದಾಗ ಸ್ವಲ್ಪ ಹುಷಾರು. ‘ಪಿಕ್ ಅಪ್ ಹರ್’ ತಪ್ಪು, ‘ಪಿಕ್ ಅಪ್ ಹರ್ ಬ್ಯಾಗ್’ ಸರಿ. ಮೊದಲನೆಯದರಲ್ಲಿ ‘ಹರ್’ ಎಂದರೆ ಅವಳನ್ನು, ಎರಡನೆಯದರಲ್ಲಿ ಅವಳ. ಎತ್ತುವುದು ಬ್ಯಾಗನ್ನು, ಅವಳನ್ನಲ್ಲ. ಹಾಗಾಗಿ ಇಲ್ಲಿ ಸರ್ವನಾಮದ ನಿಯಮ ಅನ್ವಯಿಸುವುದಿಲ್ಲ.

ವಸ್ತುವಿನ ವಿವರಣೆ ಉದ್ದವಾದರೆ ‘ಅಪ್’ ಅನ್ನು ‘ಪಿಕ್’ಗೆ ಅಂಟಿಸಿಯೇ ಇಡಿ. ‘ಪ್ಲೀಸ್ ಪಿಕ್ ಅಪ್ ದ ಪಾರ್ಸೆಲ್ ದಟ್ ಕೇಮ್ ಫ್ರಮ್ ಧಾರವಾಡ’ ಸರಾಗವಾಗಿದೆ. ಧಾರವಾಡದ ಆಚೆ ‘ಅಪ್’ ಹಾಕಿದರೆ ಅದು ಬರುವಷ್ಟರಲ್ಲಿ ಕೇಳುವವರು ‘ಪಿಕ್’ ಮರೆತಿರುತ್ತಾರೆ. ವಸ್ತುವೇ ವಾಕ್ಯದ ಮೊದಲಿಗೆ ಬಂದರೂ ‘ಅಪ್’ ಉಳಿಯಲೇಬೇಕು: ‘ಹ್ಯಾಸ್ ದ ಪಾರ್ಸೆಲ್ ಬೀನ್ ಪಿಕ್ಡ್ ಅಪ್?’ ಕೊನೆಯಲ್ಲಿ ಅದು ಒಂಟಿಯಾಗಿ ನಿಂತಂತೆ ಕಾಣುತ್ತದೆ ಎಂದು ಕೈಬಿಡುವವರೇ ಹೆಚ್ಚು.

ಫೋನಿನ ವಿಷಯ ಬೇರೆಯೇ. ಇಲ್ಲಿ ‘ಪಿಕ್ ಅಪ್’ ಎಂದಷ್ಟೇ ಹೇಳಿದರೆ ಸಾಕು, ಮುಂದೆ ಏನೂ ಬೇಕಿಲ್ಲ. ‘ಐ ಕಾಲ್ಡ್ ಟ್ವೈಸ್, ಬಟ್ ಹೀ ಡಿಡ್ ನಾಟ್ ಪಿಕ್ ಅಪ್.’ ಬೇಕಿದ್ದರೆ ‘ಪಿಕ್ ಅಪ್ ದ ಫೋನ್’ ಎನ್ನಬಹುದು. ‘ಕಾಲ್’ ಎಂಬ ಪದ ಬಳಸಲೇಬೇಕಿದ್ದರೆ ‘ಆನ್ಸರ್’ ಹಿತವಾದ ಜೋಡಿ: ‘ಹೀ ಡಿಡ್ ನಾಟ್ ಆನ್ಸರ್ ಮೈ ಕಾಲ್’. ‘ಹೀ ಈಸ್ ನಾಟ್ ಪಿಕಿಂಗ್ ಮೈ ಕಾಲ್’ ನಮ್ಮಲ್ಲಿ ಎಷ್ಟೇ ಓಡಿದರೂ ಸಂದರ್ಶನದಲ್ಲಿ, ಮೇಲ್‌ನಲ್ಲಿ ಬೇಡ. ಜೊತೆಗೆ, ‘ಡಿಡ್ ನಾಟ್’ ಬಂದ ಮೇಲೆ ‘ಪಿಕ್ಡ್’ ಬರುವಂತಿಲ್ಲ. ಭೂತಕಾಲವನ್ನು ‘ಡಿಡ್’ ಆಗಲೇ ಹೊತ್ತುಕೊಂಡಿದೆ.

ಕರೆದುಕೊಂಡು ಬರುವ ಅರ್ಥದಲ್ಲಿ ಮೊದಲು ಯಾರನ್ನು, ಆಮೇಲೆ ಎಲ್ಲಿಂದ, ಕೊನೆಗೆ ಎಷ್ಟು ಹೊತ್ತಿಗೆ ಎಂಬ ಕ್ರಮ ಇಟ್ಟುಕೊಂಡರೆ ಎಡವುವುದಿಲ್ಲ. ‘ಕ್ಯಾನ್ ಯೂ ಪಿಕ್ ಮೈ ಫಾದರ್ ಅಪ್ ಫ್ರಮ್ ದ ಏರ್‌ಪೋರ್ಟ್ ಅಟ್ ಸಿಕ್ಸ್?’ ಜಾಗದ ಮುಂದೆ ‘ಫ್ರಮ್’ ಬದಲು ‘ಅಟ್’ ಬಂದರೂ ನಡೆಯುತ್ತದೆ. ಇದರ ಜೋಡಿ ‘ಡ್ರಾಪ್ ಆಫ್’. ‘ಡ್ರಾಪ್ ಮೀ ಟು ಹೋಮ್’ ತಪ್ಪು. ‘ಡ್ರಾಪ್ ಮೀ ಆಫ್ ಅಟ್ ಹೋಮ್’ ಅಥವಾ ಚುಟುಕಾಗಿ ‘ಡ್ರಾಪ್ ಮೀ ಹೋಮ್’ ಸರಿ. ಹುಡುಗಿಯ ಬಗ್ಗೆ ಹೇಳುವಾಗ ಮಾತ್ರ ಜಾಗ ಹೇಳುವುದನ್ನು ಮರೆಯಬೇಡಿ. ‘ಐ ಪಿಕ್ಡ್ ಹರ್ ಅಪ್ ಫ್ರಮ್ ದ ಸ್ಟೇಷನ್’ ಸಭ್ಯ ಮಾತು. ‘ಐ ಪಿಕ್ಡ್ ಅಪ್ ಎ ಗರ್ಲ್ ಲಾಸ್ಟ್ ನೈಟ್’ ಎಂದರೆ ಪಟಾಯಿಸಿದೆ ಎಂಬ ಅರ್ಥ ಹೊಮ್ಮುತ್ತದೆ.

ಬರವಣಿಗೆಯಲ್ಲಿ ಕ್ರಿಯಾಪದವಾದರೆ ಎರಡು ಪದ, ನಾಮಪದವಾದರೆ ಒಂದೇ ಪದ. ಕ್ಯಾಬ್ ಆ್ಯಪ್‌ನಲ್ಲಿ ಕಾಣುವ ‘ಪಿಕಪ್ ಪಾಯಿಂಟ್’, ಸಾಮಾನು ಸಾಗಿಸುವ ‘ಪಿಕಪ್’ ಗಾಡಿ ಒಂದೇ ಪದದವು. ಭೂತಕಾಲದ ಬಾಲ ‘ಪಿಕ್’ಗೇ ಅಂಟುತ್ತದೆ, ‘ಅಪ್’ಗಲ್ಲ. ಹಾಗಾಗಿ ‘ಪಿಕಪ್ಡ್’ ಎಂಬ ಪದವೇ ಇಲ್ಲ. ಉಚ್ಚಾರ ‘ಪಿಕೆಡ್ ಅಪ್’ ಅಲ್ಲ, ಬಾಲಕ್ಕೆ ‘ಟ’ಕಾರದ ಸದ್ದು, ಮುಂದಿನದಕ್ಕೆ ಕೂಡಿಕೊಂಡು ‘ಪಿಕ್‌ಟಪ್’. ‘ಪಿಕ್ ಇಟ್ ಅಪ್’ ಕೂಡ ಬಾಯಲ್ಲಿ ‘ಪಿಕಿಟಪ್’ ಆಗುತ್ತದೆ, ಒತ್ತು ಕೊನೆಯ ‘ಅಪ್’ ಮೇಲೆ. ನಾಮಪದದಲ್ಲಿ ಒತ್ತು ಮೊದಲ ‘ಪಿಕ್’ ಮೇಲೆ.

ಉಳಿದ ಅರ್ಥಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಕಲಿಕೆಯದು. ಪಾಠ, ಕ್ಲಾಸು ಇಲ್ಲದೆ ಕೇಳಿ ಕೇಳಿ ಬಂದದ್ದಕ್ಕೆ ‘ಪಿಕ್ ಅಪ್’: ‘ಶೀ ಪಿಕ್ಡ್ ಅಪ್ ಕನ್ನಡ ಫ್ರಮ್ ಹರ್ ನೇಬರ್ಸ್’. ಕ್ಲಾಸಿಗೆ ಸೇರಿ ಕಲಿತವರಿಗೆ ‘ಲರ್ನ್ಡ್’ ಎನ್ನಿ. ವ್ಯಾಪಾರ ಚೇತರಿಸಿಕೊಂಡರೆ ‘ಬಿಸಿನೆಸ್ ಹ್ಯಾಸ್ ಪಿಕ್ಡ್ ಅಪ್’. ರೈಲಿಗೆ ವೇಗ ಬಂದರೆ ‘ದ ಟ್ರೇನ್ ಪಿಕ್ಡ್ ಅಪ್ ಸ್ಪೀಡ್’. ಇಲ್ಲಿ ‘ಸ್ಪೀಡ್’ ಅನ್ನು ನಡುವೆ ತುರುಕಬೇಡಿ. ಹೋಟೆಲಿನಲ್ಲಿ ಎಲ್ಲರ ದುಡ್ಡನ್ನೂ ಒಬ್ಬರೇ ಕೊಟ್ಟರೆ ‘ಹೀ ಪಿಕ್ಡ್ ಅಪ್ ದ ಬಿಲ್’.

ಕೈ ಕೂರಲು ಈ ಮೂರನ್ನು ತಿದ್ದಿ ನೋಡಿ: ‘ವೈ ಆರ್ ಯೂ ನಾಟ್ ಪಿಕಿಂಗ್ ದ ಫೋನ್?’, ‘ಯುವರ್ ಕೀಸ್ ಆರ್ ಆನ್ ದ ಫ್ಲೋರ್, ಪಿಕ್ ಅಪ್ ದೆಮ್’, ‘ಹೂ ವಿಲ್ ಪಿಕ್ ದ ಚಿಲ್ಡ್ರನ್ ಫ್ರಮ್ ಸ್ಕೂಲ್?’ ಮೊದಲನೆಯದಕ್ಕೆ ‘ಪಿಕಿಂಗ್’ ಆದಮೇಲೆ ‘ಅಪ್’ ಬೇಕು. ಎರಡನೆಯದರಲ್ಲಿ ‘ದೆಮ್’ ನಡುವೆ ಬಂದು ‘ಪಿಕ್ ದೆಮ್ ಅಪ್’ ಆಗಬೇಕು. ಮೂರನೆಯದಕ್ಕೆ ಎರಡು ಉತ್ತರ: ‘ಪಿಕ್ ಅಪ್ ದ ಚಿಲ್ಡ್ರನ್’ ಎನ್ನಿ, ‘ಪಿಕ್ ದ ಚಿಲ್ಡ್ರನ್ ಅಪ್’ ಎನ್ನಿ, ಎರಡಕ್ಕೂ ಪೂರ್ತಿ ಅಂಕ.