ಮೇಜರ್ ಬಿಡಿ, ಮೈನರ್ ನೋಡಿ: ಟ್ಯಾರೋ ಡೆಕ್ ಕೊಳ್ಳುವುದು, ವಿಮರ್ಶೆ ಬರೆಯುವುದು

ಮೊದಲೇ ಹೇಳಿಬಿಡುತ್ತೇನೆ, ನಾನು ಭವಿಷ್ಯ ಹೇಳುವವನಲ್ಲ. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡ್ ಅಚ್ಚು ಹಾಕುವ ಕಸುಬು ನಮ್ಮದು. ಅಪ್ಪನ ಕಾಲದಿಂದ ಬಂದದ್ದು. ಕಾಗದ, ಬಣ್ಣ, ಕಟಿಂಗ್, ಲ್ಯಾಮಿನೇಷನ್ ನಡುವೆ ಬೆಳೆದವನ ಕೈಗೆ ಟ್ಯಾರೋ ಡೆಕ್, ಅಂದರೆ ಭವಿಷ್ಯ ಹೇಳುವವರು ಬಳಸುವ ಚಿತ್ರದ ಎಲೆಗಳ ಕಟ್ಟು, ಕೊಟ್ಟರೆ ಅವನು ಮೊದಲು ನೋಡುವುದು ಅಂಚು. ಚಿತ್ರ ಆಮೇಲೆ. ಹಾಗೆ ಹತ್ತಿದ ಹುಚ್ಚು ಇದು. ಈಗ ಅಂಗಡಿಯ ಬೀರುವಿನಲ್ಲಿ ಮದುವೆ ಕಾರ್ಡಿನ ಸ್ಯಾಂಪಲ್‌ಗಿಂತ ಇವೇ ಜಾಸ್ತಿ. ಗಿರಾಕಿಗಳು ನೋಡಿ, "ಸರ್, ನನ್ನ ಮಗಳ ಮದುವೆ ಯಾವಾಗ ಆಗುತ್ತೆ ಹೇಳ್ತೀರಾ?" ಎಂದು ಕೇಳುತ್ತಾರೆ. ಕಾರ್ಡ್ ಮಾಡಿಸೋಕೆ ಬಂದಿದ್ದೀರಲ್ಲ ಸರ್, ಡೇಟ್ ನೀವೇ ಹೇಳಬೇಕು ಅನ್ನುತ್ತೇನೆ.

ಹೊಸದಾಗಿ ಡೆಕ್ ಸಂಗ್ರಹಿಸಲು ಹೊರಟವರಿಗೆ, ಕೊಂಡ ಮೇಲೆ ಅದರ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನುವವರಿಗೆ ನನ್ನದು ಒಂದೇ ತಕರಾರು. ಎಲ್ಲರೂ 22 ಮೇಜರ್ ಕಾರ್ಡ್‌ಗಳನ್ನಷ್ಟೇ, ಅಂದರೆ ಮೂನ್, ಡೆತ್ ಥರ ಒಂದೊಂದಕ್ಕೂ ತನ್ನದೇ ಹೆಸರಿರುವ ದೊಡ್ಡ ಕಾರ್ಡ್‌ಗಳನ್ನಷ್ಟೇ ನೋಡುತ್ತಾರೆ. ಮೂನ್ ಚೆನ್ನಾಗಿದೆ, ಡೆತ್ ಸೂಪರ್ ಆಗಿದೆ, ಅಷ್ಟೇ. ಜಾಹೀರಾತಿನಲ್ಲಿ ಇರುವುದೂ ಅವೇ. ಆದರೆ ಡೆಕ್‌ನಲ್ಲಿ 78 ಕಾರ್ಡ್ ಇವೆ, ಅದರಲ್ಲಿ 56 ಮೈನರ್. ಇಸ್ಪೀಟಿನ ಹಾಗೆ ನಾಲ್ಕು ಗುಂಪು: ಕಪ್ಸ್ (ಬಟ್ಟಲು), ಸ್ವೋರ್ಡ್ಸ್ (ಕತ್ತಿ), ವಾಂಡ್ಸ್ (ಕೋಲು), ಪೆಂಟಕಲ್ಸ್ (ನಾಣ್ಯ) ತಲಾ 14. ಒಂದರಿಂದ ಹತ್ತು, ಮೇಲೆ ಪೇಜ್ (ಆಳುಹುಡುಗ), ನೈಟ್ (ಕುದುರೆ ಸವಾರ), ರಾಣಿ, ರಾಜ. ಕಲಾವಿದರಿಗೆ ಸುಸ್ತಾಗುವುದು, ಕೈ ಓಡದೇ ಇರುವುದು ಅಲ್ಲಿ. ಡೆಕ್‌ನ ನಿಜವಾದ ಬೆಲೆ ಗೊತ್ತಾಗುವುದೂ ಅಲ್ಲೇ.

ಮೊದಲು ಏನು ಕೊಳ್ಳಬೇಕು? ಮೂರು ಮನೆತನದಿಂದ ಒಂದೊಂದು ಇರಲಿ. ಅವು ಕೈಯಲ್ಲಿದ್ದರೆ ಮಿಕ್ಕಿದ್ದೆಲ್ಲ ಎಲ್ಲಿಂದ ಬಂತು ಅಂತ ತಾನಾಗೇ ತಿಳಿಯುತ್ತದೆ.

ಒಂದು, ಮಾರ್ಸೇ ಡೆಕ್. ಫ್ರಾನ್ಸಿನ ಹಳೆಯ ಅಚ್ಚಿನದು. ನಿಕೋಲಾ ಕೋನ್ವೆರ್ ಹೆಸರಿನ 1760ರ ಡೆಕ್ ಇದರಲ್ಲಿ ಹೆಸರುವಾಸಿ. ಇದರ ಮೈನರ್ ಕಾರ್ಡ್‌ಗಳಲ್ಲಿ ಕಥೆ ಇಲ್ಲ. ಐದು ಕಪ್ ಅಂದರೆ ಐದು ಬಟ್ಟಲು, ಸುತ್ತ ಒಂದಿಷ್ಟು ಬಳ್ಳಿ. ಇಸ್ಪೀಟ್ ಎಲೆಯಲ್ಲಿ ಇದ್ದ ಹಾಗೇ. ಟ್ಯಾರೋ ಹುಟ್ಟಿದ್ದೂ ಆಟಕ್ಕೇ ತಾನೆ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಆಡುತ್ತಿದ್ದ ಎಲೆಗಳು ಇವು. ಇವುಗಳಲ್ಲಿ ಗುಟ್ಟಿದೆ, ಶಾಸ್ತ್ರವಿದೆ ಅನ್ನುವ ಮಾತು ಜೋರಾಗಿ ಹಬ್ಬಿದ್ದು 18ನೇ ಶತಮಾನದ ಕೊನೆಗೆ, ಫ್ರಾನ್ಸಿನಲ್ಲಿ.

ಎರಡು, ರೈಡರ್ ವೇಟ್ ಸ್ಮಿತ್. 1909ರಲ್ಲಿ ಲಂಡನ್ನಿನ ವಿಲಿಯಂ ರೈಡರ್ ಸಂಸ್ಥೆ ಹೊರತಂದದ್ದು. ಮಾಡಿಸಿದವರು ಆರ್ಥರ್ ಎಡ್ವರ್ಡ್ ವೇಟ್, ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಬಹಳ ವರ್ಷ ಆಕೆಯ ಹೆಸರನ್ನು ಯಾರೂ ಹೇಳಲೇ ಇಲ್ಲ. ಆ ಕೆಲಸದ ಬಗ್ಗೆ ಆಕೆಯೇ ಪತ್ರದಲ್ಲಿ ಬರೆದಿದ್ದಾರೆ, ದೊಡ್ಡ ಕೆಲಸ, ಸಿಕ್ಕ ದುಡ್ಡು ಮಾತ್ರ ಬಹಳ ಕಡಿಮೆ ಅಂತ. ಅಚ್ಚಿನ ಕಸುಬಿನವರಿಗೆ ಈ ಗೋಳು ಹೊಸದಲ್ಲ ಬಿಡಿ. ಆಕೆ ಮೈನರ್ ಕಾರ್ಡ್‌ಗಳಿಗೂ ಒಂದೊಂದು ದೃಶ್ಯ ಬರೆದರು. ಇವತ್ತು ಬರುವ ಬಹುಪಾಲು ಡೆಕ್‌ಗಳು ಆ ದೃಶ್ಯಗಳನ್ನೇ ಹಿಡಿದು ನಡೆಯುತ್ತವೆ. ಮೈನರ್‌ಗೆ ದೃಶ್ಯ ಬರೆಯುವುದು ಆಕೆಯಿಂದಲೇ ಶುರುವಾಯಿತು ಅಂತ ಮಾತ್ರ ಬರೆಯಬೇಡಿ. 15ನೇ ಶತಮಾನದ ಇಟಲಿಯ ಸೋಲಾ ಬುಸ್ಕಾ ಡೆಕ್‌ನಲ್ಲೇ ಅದು ಇದೆ. ಅದರ ಫೋಟೋಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂದಿದ್ದವು. ಎರಡೂ ಡೆಕ್‌ಗಳ ಮೂರು ಸ್ವೋರ್ಡ್ಸ್ ಕಾರ್ಡನ್ನು ಅಕ್ಕಪಕ್ಕ ಇಟ್ಟು ನೋಡಿ, ಹೃದಯಕ್ಕೆ ಚುಚ್ಚಿದ ಮೂರು ಕತ್ತಿ. ನಿಮಗೇ ಗೊತ್ತಾಗುತ್ತದೆ.

ಮೂರು, ಥಾಥ್. ಇಂಗ್ಲೆಂಡಿನ ಮಂತ್ರವಾದಿ ಅಲಿಸ್ಟರ್ ಕ್ರೌಲಿ ಹೇಳಿದ್ದನ್ನು ಲೇಡಿ ಫ್ರೀಡಾ ಹ್ಯಾರಿಸ್ 1938ರಿಂದ 1943ರವರೆಗೆ ಚಿತ್ರ ಮಾಡಿದರು. ಕಾರ್ಡ್ ಆಗಿ ಬಂದದ್ದು 1969ರಲ್ಲಿ, ಅಷ್ಟೊತ್ತಿಗೆ ಇಬ್ಬರೂ ಬದುಕಿರಲಿಲ್ಲ. ಹಳೆಯ ಥಾಥ್ ಸಿಕ್ಕಿ, ಎಣಿಸಿದಾಗ 80 ಕಾರ್ಡ್ ಬಂದರೆ ಗಾಬರಿ ಬೇಡ. ಕೆಲವು ಅಚ್ಚುಗಳಲ್ಲಿ ಮೇಗಸ್ (ಮಾಂತ್ರಿಕ) ಕಾರ್ಡ್ ಮೂರು ಬಗೆಯಲ್ಲಿ ಇದೆ.

ಯಾವುದೇ ಹೊಸ ಡೆಕ್ ಯಾವ ಮನೆತನದ್ದು ಅಂತ ತಿಳಿಯಲು ಸುಲಭದ ದಾರಿ ಇದೆ. ಮೇಜರ್‌ಗಳಲ್ಲಿ ಒಂದಾದ ಸ್ಟ್ರೆಂಗ್ತ್ ಕಾರ್ಡಿನ ನಂಬರ್ ನೋಡಿ. 8 ಇದ್ದರೆ ವೇಟ್ ದಾರಿ. 11 ಇದ್ದರೆ ಮಾರ್ಸೇ ಅಥವಾ ಥಾಥ್ ದಾರಿ. ಥಾಥ್‌ನಲ್ಲಿ ಅದರ ಹೆಸರು ಲಸ್ಟ್.

ಇನ್ನು ಅಸಲಿ, ನಕಲಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಆನ್‌ಲೈನ್‌ನಲ್ಲಿ ಅಸಲಿ ಬೆಲೆಯ ಕಾಲು ಭಾಗಕ್ಕೆ ಸಿಗುತ್ತಿದೆ ಅಂದರೆ ಅನುಮಾನ ಪಡಿ. ಗಟ್ಟಿ ಬಾಕ್ಸ್ ಬದಲು ತೆಳುವಾದ, ಮಡಚುವ ರಟ್ಟಿನ ಡಬ್ಬಿ ಬರುತ್ತದೆ. ಒಳಗೆ ಪುಸ್ತಕ ಇರುವುದಿಲ್ಲ, ಒಂದು ಕ್ಯೂಆರ್ ಕೋಡ್ ಇರುತ್ತದೆ. ಪ್ರಕಾಶಕರ ಹೆಸರು ಇರುವುದಿಲ್ಲ. ಕಾರ್ಡ್ ಅಸಲಿಗಿಂತ ಚಿಕ್ಕದು. ಯಾರದೋ ಡೆಕ್ ಸ್ಕ್ಯಾನ್ ಮಾಡಿ ಅಚ್ಚು ಹಾಕಿರುವುದರಿಂದ ಕಪ್ಪು ಗೆರೆ ಒಡೆದಿರುತ್ತದೆ, ನೆರಳಿನ ಜಾಗ ಮಣ್ಣುಮಣ್ಣಾಗಿರುತ್ತದೆ. ಬದುಕಿರುವ ಕಲಾವಿದರ ಡೆಕ್ ಆಗಿದ್ದರೆ ಇದು ನೇರವಾಗಿ ಅವರ ಅನ್ನಕ್ಕೆ ಕೈ ಹಾಕಿದ ಹಾಗೆ. ಅಂಥದ್ದನ್ನು ಕೊಳ್ಳಬೇಡಿ, ವಿಮರ್ಶೆಯನ್ನಂತೂ ಬರೆಯಲೇಬೇಡಿ.

ಆದರೆ ಕಡಿಮೆ ಬೆಲೆಯ ರೈಡರ್ ವೇಟ್ ಎಲ್ಲವೂ ಕಳ್ಳಮಾಲು ಅಲ್ಲ. ನಮ್ಮ ದೇಶದಲ್ಲಿ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ. ಸ್ಮಿತ್ ತೀರಿಕೊಂಡದ್ದು 1951ರಲ್ಲಿ. ಹಾಗಾಗಿ 1909ರ ಮೂಲ ಚಿತ್ರಗಳನ್ನು ಇಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದು. ಬಾಕ್ಸ್ ಮೇಲೆ ಬೇರೆಯವರ ಹೆಸರು ಹಾಕಿಕೊಂಡರೆ, ಅಥವಾ ಬೇರೆಯವರು ಈಚೆಗೆ ಹೊಸದಾಗಿ ಬಣ್ಣ ತುಂಬಿದ ಚಿತ್ರ ಎತ್ತಿಕೊಂಡರೆ ಅದು ಮೋಸ. ಇಂಥ ಡೆಕ್ ಕೈಗೆ ಬಂದಾಗ ನಾನು ಮಾಡುವುದು ಇಷ್ಟು: ಭೂತಗನ್ನಡಿ ಹಿಡಿದು ಸ್ಮಿತ್ ಅವರ ಸಹಿ ಹುಡುಕುತ್ತೇನೆ. ಪಿ, ಸಿ, ಎಸ್ ಮೂರು ಅಕ್ಷರ ಒಂದಕ್ಕೊಂದು ಸುತ್ತಿಕೊಂಡ ಸಣ್ಣ ಗುರುತು, ಬಹುತೇಕ ಕಾರ್ಡ್‌ಗಳ ಕೆಳಮೂಲೆಯಲ್ಲಿ ಇರುತ್ತದೆ. ಒಳ್ಳೆಯ ಅಚ್ಚಿನಲ್ಲಿ ಎಸ್ ಅಕ್ಷರದ ತಿರುವು ಬಿಡಿಸಿ ಕಾಣುತ್ತದೆ. ಕೆಟ್ಟ ಸ್ಕ್ಯಾನ್ ಆಗಿದ್ದರೆ ಅದು ಇರುವೆ ಗಾತ್ರದ ಮಸಿ ಕಲೆ. ಕೆಲವರು ಅಂಚು ಕತ್ತರಿಸುವಾಗ ಅದನ್ನೂ ಕತ್ತರಿಸಿ ಬಿಸಾಕಿರುತ್ತಾರೆ. ಸಹಿಯೇ ಹಾಗಿದ್ದರೆ ಮುಖ, ಬೆರಳುಗಳ ಗತಿ ಏನು?

ಹಳೆಯ ಡೆಕ್‌ಗಳ ಮರುಮುದ್ರಣ ಕೊಳ್ಳುವವರಿಗೆ ಒಂದು ಮಾತು. ಮಿಲಾನಿನ ವಿಸ್ಕೊಂಟಿ ಸ್ಫೋರ್ಜಾ ಡೆಕ್ 1450ರ ಆಸುಪಾಸಿನದು. ಚಿನ್ನದ ರೇಕಿನ ಮೇಲೆ ಬರೆದದ್ದು. ಉಳಿದಿರುವುದು 74 ಕಾರ್ಡ್, ಅದೂ ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿ, ಬೆರ್ಗಾಮೋದ ಕರಾರಾ ಅಕಾಡೆಮಿ ಮತ್ತು ಒಂದು ಕುಟುಂಬದ ನಡುವೆ ಹಂಚಿಹೋಗಿದೆ. ಡೆವಿಲ್, ಟವರ್, ಮೂರು ಸ್ವೋರ್ಡ್ಸ್, ನಾಣ್ಯದ ನೈಟ್ ಈ ನಾಲ್ಕೂ ಇಲ್ಲ. ಅಂದಮೇಲೆ 78 ಕಾರ್ಡಿನ ಯಾವ ಮರುಮುದ್ರಣದಲ್ಲೂ ಈ ನಾಲ್ಕನ್ನು ಈಚಿನವರು ಬರೆದಿರಲೇಬೇಕು. ನೀವು ಮೊದಲು ತೆಗೆದು ನೋಡಬೇಕಾದದ್ದು ಅವನ್ನೇ. ಹಳೆಯದರ ಜೊತೆ ಹೊಂದುತ್ತವೆಯಾ, ಇಲ್ಲ ಬೇರೆ ಮನೆಯಿಂದ ಬಂದವು ಅನ್ನಿಸುತ್ತದೆಯಾ? ವಿಮರ್ಶೆಯ ಅರ್ಧ ಅಲ್ಲೇ ಸಿಗುತ್ತದೆ. ಇನ್ನೊಂದು, ಹಳೆಯ ಮಾರ್ಸೇ ಡೆಕ್ ಇದ್ದಹಾಗೇ ಅಚ್ಚು ಹಾಕಿದ್ದಾಗ ಬಣ್ಣ ಗೆರೆ ದಾಟಿದ್ದರೆ ತಪ್ಪು ಎಣಿಸಬೇಡಿ. ಆಗ ಬಣ್ಣ ಹಾಕುತ್ತಿದ್ದದ್ದು ಸ್ಟೆನ್ಸಿಲ್ ಇಟ್ಟು, ಕೈಯಲ್ಲಿ. ಹೊಸ ಡೆಕ್‌ನಲ್ಲಿ ಹಾಗಾಗಿದ್ದರೆ ಮಾತ್ರ ರಿಜಿಸ್ಟರ್ ಔಟ್, ಅಂದರೆ ಅಚ್ಚಿನಲ್ಲಿ ಬಣ್ಣಗಳು ಜಾಗಕ್ಕೆ ಕೂತಿಲ್ಲ ಅಂತ ಬರೆಯಿರಿ.

ಈಗ ಡೆಕ್ ಮನೆಗೆ ಬಂತು. ಮೊದಲು ಎಣಿಸಿ. ಸುಮ್ನೆ 78 ಅಂತ ಎಣಿಸಿದರೆ ಸಾಲದು, ವಿಂಗಡಿಸಿ ಎಣಿಸಬೇಕು. ಒಂದು ಕಾರ್ಡ್ ಎರಡು ಸಲ ಬಂದು ಇನ್ನೊಂದು ಕಾಣೆಯಾಗಿದ್ದರೂ ಲೆಕ್ಕ 78 ಆಗುತ್ತದೆ. ಪ್ರಕಾಶಕರಿಗೆ ದೂರು ಕೊಡುವುದಾದರೆ ಅವತ್ತೇ ಕೊಡಿ.

ಆಮೇಲೆ ಎಲ್ಲ ಕಾರ್ಡ್ ಮಗುಚಿ, ಬೆನ್ನು ಮೇಲೆ ಮಾಡಿ ಮೇಜಿನ ಮೇಲೆ ಹರಡಿ. ಕಾರ್ಡ್‌ಗಳನ್ನು ಒಂದೊಂದಾಗಿ ಅಚ್ಚು ಹಾಕುವುದಿಲ್ಲ, ದೊಡ್ಡ ಶೀಟಿನಲ್ಲಿ ಹಲವು ಒಟ್ಟಿಗೆ ಬರುತ್ತವೆ. ಶೀಟಿನಿಂದ ಶೀಟಿಗೆ ಇಂಕ್ ಹೆಚ್ಚುಕಡಿಮೆಯಾದರೆ ಬೆನ್ನಿನ ಬಣ್ಣ ಬೇರೆಯಾಗುತ್ತದೆ. ಆಮೇಲೆ ನೋಡದೆ ಎತ್ತಿಕೊಂಡರೂ ಯಾವ ಗುಂಪಿನದು ಅಂತ ಗೊತ್ತಾಗಿಬಿಡುತ್ತದೆ. ಬಿಳಿ ಅಂಚು ನಾಲ್ಕೂ ಕಡೆ ಸಮ ಇದೆಯಾ ನೋಡಿ. ತೆಳು ಅಂಚಿನ ಡಿಸೈನ್‌ನಲ್ಲಿ ಕಟಿಂಗ್ ಕೂದಲೆಳೆ ತಪ್ಪಿದರೂ ಕಾಣುತ್ತದೆ. ತುದಿಯವರೆಗೂ ಕಪ್ಪು ಹೊಡೆದ ಡೆಕ್‌ನಲ್ಲಿ ಆ ಪಾಡಿಲ್ಲ, ಆದರೆ ಕಲಸಿ ಕಲಸಿ ಅಂಚಿನಲ್ಲಿ ಒಳಗಿನ ಬಿಳಿ ಕಾಗದ ಇಣುಕತೊಡಗುತ್ತದೆ. ಫೋಟೋದಲ್ಲಿ ಚಂದ ಕಾಣುವ ಕಪ್ಪು ಡೆಕ್‌ಗಳ ಹಣೆಬರಹವೇ ಇದು. ಅಂಚಿಗೂ ಬಣ್ಣ ಹೊಡೆದಿದ್ದರೆ ಸ್ವಲ್ಪ ವಾಸಿ. ಚಿನ್ನದ ಅಂಚಿನವು ಮೊದಮೊದಲು ಒಂದಕ್ಕೊಂದು ಅಂಟಿರುತ್ತವೆ. ಒಂದೊಂದೇ ನಿಧಾನವಾಗಿ ಬಿಡಿಸಿ, ಬಲವಂತ ಮಾಡಿದರೆ ಪುಡಿ ಕೈಗೆ ಬರುತ್ತದೆ.

ಕಾಗದದ ವಿಷಯದಲ್ಲಿ ಜನ 350 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಅಂದ ಕೂಡಲೇ ಒಳ್ಳೆಯದು ಅಂದುಕೊಳ್ಳುತ್ತಾರೆ. ಮದುವೆ ಕಾರ್ಡಿಗಾದರೆ ಸರಿ, ಅದನ್ನು ಯಾರೂ ಕಲಸುವುದಿಲ್ಲ. 78 ದಪ್ಪ ಕಾರ್ಡ್ ಒಟ್ಟಿಗೆ ಹಿಡಿಯಲು ಚಿಕ್ಕ ಕೈಯವರಿಗೆ ಆಗುವುದಿಲ್ಲ. ಸಾಮಾನ್ಯ ಅಳತೆ 70 ಮಿಲಿಮೀಟರ್ ಅಗಲ, 120 ಉದ್ದ. ಅದಕ್ಕಿಂತ ದೊಡ್ಡದಾದರೆ ಇನ್ನೂ ಕಷ್ಟ. ಒಂದು ಕಾರ್ಡ್ ಮೆಲ್ಲಗೆ ಬಗ್ಗಿಸಿ ಬಿಡಿ. ತಟ್ಟನೆ ನೆಟ್ಟಗಾದರೆ ಕಾಗದ ಚೆನ್ನಾಗಿದೆ. ಬಾಗಿಯೇ ಉಳಿದರೆ ಅದನ್ನು ಬರೆಯಿರಿ, ಜಿಎಸ್‌ಎಂ ಬರೆಯದಿದ್ದರೂ ನಡೆಯುತ್ತದೆ.

ಇನ್ನು ಚಿತ್ರ. ನಾನು ತೆಗೆದು ನೋಡುವ ಕಾರ್ಡ್‌ಗಳು ಇವು: ಎರಡು ಪೆಂಟಕಲ್ಸ್, ಐದು ಪೆಂಟಕಲ್ಸ್, ಏಳು ಸ್ವೋರ್ಡ್ಸ್, ನಾಲ್ಕು ಪೇಜ್‌ಗಳು. ಹೆಸರಿನ ಮೇಲೆ ಚೀಟಿ ಮುಚ್ಚಿ ಅಣ್ಣನ ಮಗಳ ಕೈಗೆ ಕೊಡುತ್ತೇನೆ. ಅವಳಿಗೆ ಟ್ಯಾರೋ ಗಂಧಗಾಳಿ ಇಲ್ಲ, ಅದಕ್ಕೇ ಅವಳು ಬೇಕು. ಸ್ಮಿತ್ ಬರೆದ ಏಳು ಸ್ವೋರ್ಡ್ಸ್ ನೋಡಿ, "ಚಿಕ್ಕಪ್ಪ, ಇವನು ಕಳ್ಳ. ಐದು ಕತ್ತಿ ಎತ್ಕೊಂಡು ತುದಿಗಾಲಲ್ಲಿ ಹೋಗ್ತಿದಾನೆ. ಎರಡು ಅಲ್ಲೇ ಬಿಟ್ಟಿದಾನಲ್ಲ, ಯಾಕೆ?" ಅಂದಳು. ಅಷ್ಟು ಸಾಕು, ಕಾರ್ಡ್ ತನ್ನ ಕೆಲಸ ಮಾಡಿದೆ. ಈಚಿನ ಒಂದು ಡೆಕ್‌ನ ಅದೇ ಕಾರ್ಡ್ ಕೊಟ್ಟಾಗ, "ಒಬ್ಬಳು ಹುಡುಗಿ, ಏಳು ಕತ್ತಿ, ಕೂದಲು ಚೆನ್ನಾಗಿದೆ" ಅಂದಳು. ಆ ಡೆಕ್‌ನ ಮೇಜರ್‌ಗಳು ನಿಜಕ್ಕೂ ಚೆಂದ ಇದ್ದವು. ಪೇಜ್‌ಗಳಲ್ಲಿ ಮಾತ್ರ ಅದೇ ಹುಡುಗಿ ನಾಲ್ಕು ಬಣ್ಣದ ಅಂಗಿ ಹಾಕಿಕೊಂಡು ನಿಂತಿದ್ದಳು. ಇದನ್ನು ಬರೆದರೆ ಓದಿದವರಿಗೆ ಉಪಯೋಗ. "ಎನರ್ಜಿ ಚೆನ್ನಾಗಿದೆ" ಅಂತ ಬರೆದರೆ ಯಾರಿಗೆ ಏನು ತಿಳಿಯುತ್ತದೆ ಹೇಳಿ?

ನಮ್ಮ ದೇವರುಗಳನ್ನು ತಂದ ಡೆಕ್‌ಗಳಿಗೆ ಇನ್ನೊಂದು ಪ್ರಶ್ನೆ ಕೇಳಿ. ಈ ದೇವರು ಈ ಕಾರ್ಡಿನಲ್ಲಿ ಯಾಕೆ? ಜೊತೆಗಿರುವ ಪುಸ್ತಕದಲ್ಲಿ ಅದಕ್ಕೆ ಉತ್ತರ ಇದ್ದರೆ ಸಂತೋಷ. ಪುಸ್ತಕ ಓದುವಾಗ ಯಾವಾಗಲೂ ಇದೇ ನೋಡಬೇಕು, ಅದು ಈ ಚಿತ್ರದ ಬಗ್ಗೆ ಮಾತಾಡುತ್ತಿದೆಯಾ, ಇಲ್ಲ ಎಲ್ಲ ಡೆಕ್‌ಗೂ ಹೊಂದುವ ಮಾತನ್ನೇ ಉದುರಿಸುತ್ತಿದೆಯಾ. ನಿಜವಾಗಿ ನಮ್ಮದೇ ಎಲೆಗಳು ಬೇಕು ಅನ್ನುವವರು ಗಂಜೀಫಾ ಕಡೆ ಬನ್ನಿ. ದುಂಡನೆಯ ಎಲೆಗಳು. ದಶಾವತಾರದ್ದಾದರೆ ಹತ್ತು ಗುಂಪು, ಗುಂಪಿಗೆ 12, ಒಟ್ಟು 120. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಇದಕ್ಕೆ ಹೊಸಹೊಸ ಆಟಗಳನ್ನೇ ಕಟ್ಟಿದ್ದರು. ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಈಗಲೂ ಕೈಯಲ್ಲಿ ಬರೆಯುತ್ತಾರೆ. ಅದು ಟ್ಯಾರೋ ಅಲ್ಲ, ಆದರೆ ಪಕ್ಕದಲ್ಲಿ ಇಡಲು ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಫೋಟೋ ಕಿಟಕಿ ಬೆಳಕಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ. ಪಕ್ಕದಲ್ಲಿ ಒಂದು ಸಾಮಾನ್ಯ ಇಸ್ಪೀಟ್ ಎಲೆ ಇಟ್ಟರೆ ಅಳತೆ ತಿಳಿಯುತ್ತದೆ. ಹಾಗಂತ ಎಲ್ಲ 78ನ್ನೂ ಹಾಕಬೇಡಿ, ಅದು ಕಲಾವಿದರ ಹೊಟ್ಟೆ ಮೇಲೆ ಹೊಡೆದ ಹಾಗೆ. ವಿದೇಶದಿಂದ ತರಿಸಿದ್ದರೆ ಡೆಕ್ ಬೆಲೆ, ಕೊರಿಯರ್, ಕಸ್ಟಮ್ಸ್ ಮೂರನ್ನೂ ಬೇರೆ ಬೇರೆ ಬರೆಯಿರಿ. ಕಲಾವಿದರೇ ಮುಂಗಡ ದುಡ್ಡು ಎತ್ತಿ ಮಾಡುವ ಡೆಕ್ ಆಗಿದ್ದರೆ ಅಚ್ಚಾದ ಸ್ಯಾಂಪಲ್ ತೋರಿಸಿದ್ದಾರಾ, ಎಷ್ಟು ಮೈನರ್ ಬರೆದು ಮುಗಿದಿದೆ ಅಂತ ನೋಡಿಯೇ ದುಡ್ಡು ಕಟ್ಟಿ. ಬರೀ ಮೇಜರ್ ತೋರಿಸುತ್ತಿದ್ದರೆ ಕಾಯಿರಿ.

ಮಳೆಗಾಲದಲ್ಲಿ ಕಾರ್ಡ್ ಬಾಗುತ್ತವೆ. ಬಾಕ್ಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮೇಲೆ ಒಂದು ದಪ್ಪ ಪುಸ್ತಕ ಇಡಿ. ರಬ್ಬರ್ ಬ್ಯಾಂಡ್ ಬೇಡ, ಅಂಚು ತಿನ್ನುತ್ತದೆ. ನುಸಿಗುಳಿಗೆಯಂತೂ ಬೇಡವೇ ಬೇಡ, ಆ ವಾಸನೆ ಜನ್ಮದಲ್ಲಿ ಹೋಗುವುದಿಲ್ಲ.

ಬೇಡವಾದ ಡೆಕ್‌ಗಳನ್ನು ಮಾರಿ, ಇಲ್ಲ ಯಾರ ಜೊತೆಗಾದರೂ ಬದಲಿಸಿಕೊಳ್ಳಿ. ಕಾರ್ಡ್ ಕಡಿಮೆ ಇದ್ದರೆ ಮುಂಚೆಯೇ ಹೇಳಿ. 77 ಕಾರ್ಡಿನ ಡೆಕ್‌ಗೆ ಟ್ಯಾರೋದವರು ಕಾಸು ಕೊಡುವುದಿಲ್ಲ, ಆದರೆ ಚಿತ್ರ ಕತ್ತರಿಸಿ ಅಂಟಿಸುವ ಮಕ್ಕಳು ಖುಷಿಯಿಂದ ತಗೊಳ್ತಾರೆ.