ಕಿಣ್ವದ ಕೆಲಸದಲ್ಲಿ ಯಾರ ಪಾಲೆಷ್ಟು? ಅಳೆಯುವುದು ಹೀಗೆ

ಬಟ್ಟೆ ಒಗೆಯುವ ಎಷ್ಟೋ ಪುಡಿಗಳಲ್ಲಿ ಸಬ್ಟಿಲಿಸಿನ್ ಜಾತಿಯ ಕಿಣ್ವ ಇರುತ್ತದೆ. ರಕ್ತ, ಮೊಟ್ಟೆಯ ಕಲೆಗಳ ಪ್ರೋಟೀನನ್ನು ಅದು ಕತ್ತರಿಸುತ್ತದೆ. ಕಿಣ್ವವೂ ಒಂದು ಪ್ರೋಟೀನೇ: ಸುಮಾರು 275 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಕತ್ತರಿ ಆಡುವ ಜಾಗದಲ್ಲಿ ಮುಖ್ಯವಾದವು ಮೂರೇ: 32ನೆಯ ಆಸ್ಪಾರ್ಟೇಟ್, 64ನೆಯ ಹಿಸ್ಟಿಡಿನ್, 221ನೆಯ ಸೀರಿನ್. ಇವುಗಳಲ್ಲಿ ಯಾರ ದುಡಿಮೆ ಎಷ್ಟು? ವಿಜ್ಞಾನಿಗಳಾದ ಪಾಲ್ ಕಾರ್ಟರ್ ಮತ್ತು ಜೇಮ್ಸ್ ವೆಲ್ಸ್ 1988ರಲ್ಲಿ ಅಳೆದು ತೋರಿಸಿದ ದಾರಿ ನನಗೆ ಬಹಳ ಇಷ್ಟ.

ಮೊದಲು ಜೀನ್ ತಿದ್ದಿ, ಒಂದು ಅಮೈನೋ ಆಮ್ಲದ ಜಾಗಕ್ಕೆ ಅಲನಿನ್ ತನ್ನಿ. ಅಲನಿನ್ ಚಿಕ್ಕದು, ಪಕ್ಕದವರನ್ನು ತಳ್ಳುವುದಿಲ್ಲ. ಕಿಣ್ವದ ಆಕಾರ ಕೆಟ್ಟಿಲ್ಲ ಎಂದು ನೋಡಿಕೊಳ್ಳಿ. ಕೆಟ್ಟಿದ್ದರೆ ನೀವು ಅಳೆಯುವುದು ಬೇರೆಯದನ್ನೇ.

ಮುಂದಿನದು ಶುದ್ಧೀಕರಣ. ಇಲ್ಲಿ ಅವಸರ ಬೇಡವೇ ಬೇಡ. ಬದಲಾದ ಕಿಣ್ವ ಹತ್ತು ಲಕ್ಷ ಪಟ್ಟು ನಿಧಾನವಾಗಿದ್ದರೆ, ಹತ್ತು ಲಕ್ಷಕ್ಕೆ ಒಂದು ಮೂಲ ಕಿಣ್ವ ಬೆರೆತರೂ ಲೆಕ್ಕ ಹಾಳು. ಸಬ್ಟಿಲಿಸಿನ್ನಲ್ಲಿ ಈ ಅಪಾಯ ಜಾಸ್ತಿ. ಅದು ಹುಟ್ಟುವಾಗ ಇರುವ ಹೆಚ್ಚುವರಿ ತುಂಡನ್ನು ತಾನೇ ಕತ್ತರಿಸಿಕೊಳ್ಳಬೇಕು. ಕತ್ತರಿ ಮೊಂಡಾದ ಮೇಲೆ ಅದು ಆಗುವುದಿಲ್ಲ, ಹಾಗಾಗಿ ಸಹಾಯಕ್ಕೆ ಚುರುಕಾದ ಕಿಣ್ವವನ್ನು ಬೆರೆಸಬೇಕಾಯಿತು. ಆಮೇಲೆ ಅದನ್ನು ಬೇರ್ಪಡಿಸುವುದು ಹೇಗೆ? ಅವರು ಬದಲಾದ ಕಿಣ್ವದ ಮೇಲ್ಮೈಯಲ್ಲಿ, 24ನೆಯ ಜಾಗದಲ್ಲಿ, ಒಂದು ಸಿಸ್ಟೀನ್ ಎಂಬ ಅಮೈನೋ ಆಮ್ಲ ಕೂರಿಸಿದರು. ಮೂಲ ಕಿಣ್ವದಲ್ಲಿ ಸಿಸ್ಟೀನ್ ಇಲ್ಲವೇ ಇಲ್ಲ. ಸಿಸ್ಟೀನನ್ನು ಹಿಡಿದಿಡುವ ಪದಾರ್ಥ ತುಂಬಿದ ಕೊಳವೆಯಲ್ಲಿ (ಕಾಲಮ್) ಬೇಕಾದದ್ದು ಉಳಿಯಿತು, ಬೇಡವಾದದ್ದು ತೊಳೆದುಹೋಯಿತು. ಎಂಥಾ ಚೆಂದದ ಉಪಾಯ, ಅಲ್ವಾ?

ಈಗ ವೇಗ ಅಳೆಯಿರಿ. ಕತ್ತರಿಸಿದಾಗ ನೈಟ್ರೋಅನಿಲಿನ್ ಎಂಬ ಹಳದಿ ವಸ್ತು ಬಿಡುವ ಸಣ್ಣ ಪೆಪ್ಟೈಡ್ (ಅಮೈನೋ ಆಮ್ಲಗಳ ಗಿಡ್ಡ ಸರ) ಬಳಸಿ. ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರನ್ನು 410 ನ್ಯಾನೋಮೀಟರ್ ಸುಮಾರಿನ ಬೆಳಕಿಗೆ ಇಟ್ಟು, ಹಳದಿ ಏರುವ ಮೊದಲ ವೇಗ ಬರೆದುಕೊಳ್ಳಿ. ಪೆಪ್ಟೈಡಿನ ಪ್ರಮಾಣ ಬದಲಿಸುತ್ತಾ ಹೋದರೆ ಎರಡು ಅಂಕಿ ಸಿಗುತ್ತವೆ: ಕತ್ತರಿಸುವ ವೇಗ ಕೆಕ್ಯಾಟ್, ಅರ್ಧ ವೇಗ ತಲುಪಲು ಬೇಕಾದ ಪ್ರಮಾಣ ಕೆಎಂ. ಸೀರಿನ್ ತೆಗೆದಾಗ ಕೆಕ್ಯಾಟ್ ಸುಮಾರು 20 ಲಕ್ಷ ಪಟ್ಟು ಇಳಿಯಿತು. ಹಿಸ್ಟಿಡಿನ್ ತೆಗೆದಾಗಲೂ ಅಷ್ಟೇ. ಆಸ್ಪಾರ್ಟೇಟ್ ತೆಗೆದಾಗ ಸುಮಾರು 30 ಸಾವಿರ ಪಟ್ಟು. ಈ ಇಳಿತವನ್ನು ಶಕ್ತಿಯ ಲೆಕ್ಕಕ್ಕೆ ತರಬಹುದು: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ ಹತ್ತು ಪಟ್ಟಿಗೆ ಮೋಲ್‌ಗೆ 1.36 ಕಿಲೋಕ್ಯಾಲರಿ ಎಂದು ಹಿಡಿದರೆ, ಸೀರಿನ್ ಪಾಲು ಸುಮಾರು 8.6, ಆಸ್ಪಾರ್ಟೇಟ್ ಪಾಲು ಸುಮಾರು 6.1 ಕಿಲೋಕ್ಯಾಲರಿ.

ಇವನ್ನು ಸುಮ್ನೆ ಕೂಡಿಬಿಡಬೇಡಿ. ಎರಡೆರಡನ್ನು, ಮೂರನ್ನೂ ಒಟ್ಟಿಗೆ ತೆಗೆದೂ ಅಳೆಯಬೇಕು. ಮೂರೂ ಬೇರೆ ಬೇರೆಯಾಗಿ ದುಡಿಯುತ್ತಿದ್ದರೆ, ಮೂರನ್ನೂ ತೆಗೆದಾಗ ಇಳಿತಗಳೆಲ್ಲ ಗುಣಿಸಿಕೊಳ್ಳಬೇಕಿತ್ತು. ಆದರೆ ಆಗಲೂ ಇಳಿದದ್ದು ಸುಮಾರು 20 ಲಕ್ಷ ಪಟ್ಟೇ! ಬಾವಿಯ ಹಗ್ಗ, ಕೊಡ, ರಾಟೆ ನೆನಪಿಸಿಕೊಳ್ಳಿ. ಹಗ್ಗ ಹೋದ ಮೇಲೆ ಕೊಡ ಹೋದರೂ ನಷ್ಟ ಅಷ್ಟೇ. ರಾಟೆಯೊಂದೇ ಹೋದರೆ ಕಷ್ಟಪಟ್ಟಾದರೂ ನೀರು ಸೇದಬಹುದು, ಆಸ್ಪಾರ್ಟೇಟ್ ಹಾಗೆ.

ಮೂರೂ ಇಲ್ಲದ ಕಿಣ್ವ ಕೂಡ, ಕಿಣ್ವವೇ ಇಲ್ಲದ ನೀರಿಗಿಂತ ಸಾವಿರ ಪಟ್ಟಿನಷ್ಟು ವೇಗವಾಗಿ ಕತ್ತರಿಸುತ್ತದೆ. ಈ ಉಳಿಕೆಗೆ ಸುತ್ತಲಿನವರನ್ನೂ ಒಬ್ಬೊಬ್ಬರಾಗಿ ನೋಡಬೇಕು. 155ನೆಯ ಆಸ್ಪರಜಿನ್ ಅವರಲ್ಲೊಬ್ಬ: ಅದನ್ನು ಲ್ಯೂಸಿನ್ ಮಾಡಿದಾಗ ವೇಗ ನೂರಾರು ಪಟ್ಟು ಕುಸಿಯುತ್ತದೆ.