ಜೆಟ್ ಬದಲಿಸುವ ಮೊದಲು ಪೆಡಲ್ ನೋಡಿದೆ

ಡ್ರ್ಯಾಗ್ ಓಟಕ್ಕೆ, ಅಂದರೆ 402 ಮೀಟರ್ ನೇರ ಓಟಕ್ಕೆ, ಕಾರು ತಯಾರು ಮಾಡ್ತೀನಿ ಅಂದಕೂಡಲೇ ಕಲಬುರಗಿಯ ಗೆಳೆಯರೆಲ್ಲ ಕೇಳಿದ್ದು ಒಂದೇ: "ಜೆಟ್ ಎಷ್ಟು ನಂಬರಿಂದು ಹಾಕ್ಸಾಂವ?" ಜೆಟ್ ಅಂದರೆ ಕಾರ್ಬುರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ಕಿಂಡಿ. ನನ್ನದು ಹಳೇ ಕಾರ್ಬುರೇಟರ್ ಮಾರುತಿ ಎಸ್ಟೀಮ್, 1.3 ಲೀಟರ್, ಹೊಸದಿದ್ದಾಗಲೇ 65 ಹಾರ್ಸ್‌ಪವರ್. ಜೆಟ್ ಆಮೇಲೆ ಅಂದು ಪೆಡಲ್‌ನಿಂದ ಶುರು ಮಾಡಿದೆ.

ಎಂಜಿನ್ ಬಂದ್ ಮಾಡಿ, ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಗ್ಯಾರೇಜಿನ ಹುಡುಗನಿಗೆ "ಪೂರಾ ಒತ್ತು ತಮ್ಮಾ" ಅಂದೆ. ಟಾರ್ಚ್ ಹಿಡಿದು ಮೇಲಿನಿಂದ ನೋಡಿದರೆ ಬಟರ್‌ಫ್ಲೈ, ಅಂದರೆ ಗಾಳಿಗೆ ದಾರಿ ಬಿಡುವ ಥ್ರಾಟಲ್ ತಟ್ಟೆ, ಇನ್ನೂ ಓರೆಯಾಗಿಯೇ ನಿಂತಿದೆ. "ಪೂರಾನೇ ಒತ್ತೀನ್ರಿ ಅಣ್ಣಾ" ಅಂತಾನೆ ಅವನು. ಪೆಡಲ್ ಕೆಳಗೆ ದಪ್ಪ ಮ್ಯಾಟ್, ಇತ್ತ ಜೋಲುಬಿದ್ದ ಕೇಬಲ್. ಮ್ಯಾಟ್ ಕಿತ್ತು, ಕೇಬಲ್ ನಟ್ ಬಿಗಿದ ಮೇಲೆ ತಟ್ಟೆ ನೆಟ್ಟಗಾಯಿತು. ಕಾಸು ಖರ್ಚಿಲ್ಲದೆ ಸಿಕ್ಕ ಹಾರ್ಸ್‌ಪವರ್ ಅದು. ಬಟರ್‌ಫ್ಲೈ ಪೂರ್ತಿ ತೆರೆದ ಹೊತ್ತಿಗೇ ಪೆಡಲ್ ತನ್ನ ಸ್ಟಾಪಿಗೆ ತಾಗಬೇಕು, ಇಲ್ಲದಿದ್ದರೆ ಕಾಲಿನ ಜೋರೆಲ್ಲ ಕೇಬಲ್ ಮೇಲೆ ಬಿದ್ದು ಎಳೆ ಹರಿಯುತ್ತದೆ. ಥ್ರಾಟಲ್ ತೋಳಿಗೆ ಅದನ್ನು ಮುಚ್ಚಿಸುವ ಎರಡನೇ ಸ್ಪ್ರಿಂಗ್ ಕೂಡ ಹಾಕಿಸಿದೆ. 402 ಮೀಟರ್ ಮುಗಿದ ಮೇಲೂ ಥ್ರಾಟಲ್ ಮುಚ್ಚದಿದ್ದರೆ ಬ್ರೇಕ್ ಒಂದೇ ಏನು ಮಾಡೀತು?

ಹುಡುಗ ಪೆಡಲ್ ಒತ್ತಿದಾಗ ಇನ್ನೊಂದನ್ನೂ ಗಮನಿಸಿದೆ. ಆಕ್ಸಲರೇಟರ್ ಪಂಪಿನ ನಳಿಕೆಯಿಂದ ಪೆಟ್ರೋಲ್ ಸಣ್ಣ ಧಾರೆಯಾಗಿ, ತಡವಿಲ್ಲದೆ ಚಿಮ್ಮಬೇಕು. ನನ್ನದರಲ್ಲಿ ತೊಟ್ಟಿಕ್ಕುತ್ತಿತ್ತು. ಥ್ರಾಟಲ್ ಗಕ್ಕನೆ ತೆರೆದಾಗ ಗಾಳಿ ಮೊದಲು ನುಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. ಆ ಕೊರತೆ ತುಂಬುವುದು ಇದೇ ಪಂಪು. ಅದರೊಳಗಿನ ಡಯಾಫ್ರಾಮ್ (ಪೆಟ್ರೋಲ್ ತಳ್ಳುವ ಪೊರೆ) ಹೊಸದು ಹಾಕಿದ ಮೇಲೆ ಹೊರಡುವಾಗಿನ ಮುಗ್ಗರಿಕೆ ಹೋಯಿತು.

ಪೆಟ್ರೋಲ್ ಸಾಲುತ್ತದೆಯೇ ಎನ್ನುವುದು ಬರೀ ಲೆಕ್ಕ. ಪೂರ್ತಿ ಥ್ರಾಟಲ್‌ನಲ್ಲಿ ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಹೆಚ್ಚುಕಡಿಮೆ ಕಾಲು ಕೆಜಿ. 65ಕ್ಕೆ ಸುಮಾರು 22 ಲೀಟರ್, ಅಂದರೆ ನಿಮಿಷಕ್ಕೆ 370 ಮಿಲಿ. ಇದರ ದುಪ್ಪಟ್ಟು ಕೊಡುವ ಎಲೆಕ್ಟ್ರಿಕ್ ಪಂಪನ್ನು ಟ್ಯಾಂಕಿನ ಪಕ್ಕ ಕೆಳಗೆ ಕೂರಿಸಿದೆ. ಎಂಜಿನ್‌ಗೆ ಅಂಟಿದ ಹಳೇ ಮೆಕ್ಯಾನಿಕಲ್ ಪಂಪು ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ ಒಳಗಿನ ಪೆಟ್ರೋಲ್ ಆವಿಯಾಗಿ ಹರಿವು ನಿಂತು (ವೇಪರ್ ಲಾಕ್), ಒದ್ದೆ ಬಟ್ಟೆ ಸುತ್ತಿಸಿಕೊಂಡು ಕೂರುತ್ತಿತ್ತು. ಆದರೆ ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ 3–4 ಪಿಎಸ್ಐಗಿಂತ ಹೆಚ್ಚು ಒತ್ತಡ ತಡೆಯಲಾರದು, ಒತ್ತಡ ಇಳಿಸುವ ರೆಗ್ಯುಲೇಟರ್ ಬೇಕೇ ಬೇಕು. ಎಂಜಿನ್ ನಿಂತರೆ ಪಂಪೂ ನಿಲ್ಲುವಂತೆ ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ವೈರ್ ಎಳೆದಿದ್ದೇನೆ. ಅಪಘಾತವಾದಾಗ ಪಂಪು ಪೆಟ್ರೋಲ್ ಕಾರುತ್ತಲೇ ಇದ್ದರೆ ಬೆಂಕಿಗೆ ಅಷ್ಟು ಸಾಕು.

ಜೆಟ್ ಸರದಿ ಬಂದದ್ದು ಕೊನೆಗೆ, ಅದೂ ಎಥೆನಾಲ್ ಬೆರೆತ ಇ20 ಪೆಟ್ರೋಲಿನ ದೆಸೆಯಿಂದ. ಒಂದು ಪಾಲು ಬರೀ ಪೆಟ್ರೋಲಿಗೆ ತೂಕದಲ್ಲಿ ಗಾಳಿ 14.7 ಪಾಲು, ಶೇ. 20 ಎಥೆನಾಲ್ ಸೇರಿದರೆ 13.5ರ ಆಸುಪಾಸು. (ನಮ್ಮ ಅಫಜಲಪುರದ ಕಬ್ಬೂ ಈಗ ಟ್ಯಾಂಕಿಗೆ ಇಳಿದಿದೆ ಅನ್ನಿ.) ಹಳೇ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ. ಕಿಂಡಿಯ ಅಗಲ ಹೇಳುವ ಜೆಟ್ ನಂಬರ್ 110ರಿಂದ 115ಕ್ಕೆ ಹೋದರೆ ಕಿಂಡಿಯ ವಿಸ್ತೀರ್ಣ ಶೇ. 9ರಷ್ಟು ಹೆಚ್ಚುತ್ತದೆ, ಅಷ್ಟೇ ಬೇಕಾದದ್ದು. ಹಳೇ ರಬ್ಬರ್ ಪೈಪುಗಳನ್ನೂ ಅದೇ ನೆಪದಲ್ಲಿ ಬದಲಿಸಿದೆ.

ಸರಿಹೋಯಿತೋ ಇಲ್ಲವೋ ಹೇಳುವುದು ಸ್ಪಾರ್ಕ್ ಪ್ಲಗ್. ಮುಚ್ಚಿದ ಏರ್‌ಸ್ಟ್ರಿಪ್‌ನಲ್ಲಿ ಗೆರೆ ದಾಟುತ್ತಲೇ ಕ್ಲಚ್ ಒತ್ತಿ ಇಗ್ನಿಷನ್ ಆಫ್ ಮಾಡಬೇಕು. ಕೀ ಮಾತ್ರ ಹೊರಗೆಳೆಯಬಾರದು, ಸ್ಟೀರಿಂಗ್ ಲಾಕ್ ಆದೀತು. ರಿಂಗ್ ರೋಡಿನಲ್ಲಿ ರಾತ್ರಿ ಇದನ್ನು ಮಾಡುವವರ ಜತೆ ನನಗೆ ಮಾತೇ ಇಲ್ಲ. ಕಾರು ನಿಂತ ಮೇಲೆ ಬಿಚ್ಚಿ ನೋಡಿದಾಗ ಪ್ಲಗ್ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಕಪ್ಪು ಮಸಿ ಇದ್ದರೆ ಜಾಸ್ತಿ. ನನ್ನ ನಾಲ್ಕರಲ್ಲಿ ಮೂರು ತಿಳಿಕಂದು ಬಂದಿವೆ. ನಾಲ್ಕನೆಯದು ಇನ್ನೂ ಬೆಳ್ಳಗೇ ಇದೆ, ಕಾರ್ಬುರೇಟರಿನಿಂದ ಎಂಜಿನ್‌ಗೆ ಹೋಗುವ ಮ್ಯಾನಿಫೋಲ್ಡ್ ಕೊಳವೆಯ ಗ್ಯಾಸ್ಕೆಟ್‌ನಲ್ಲಿ ಗಾಳಿ ಎಳೆಯುತ್ತಿದೆಯೇನೋ ಬಿಚ್ಚಿ ನೋಡಬೇಕು.